ಬೆಳೆಯದ ಮರಿ

ಜನವರಿ 9

ಮೊದ್ದು,

ನಿನಗೆ ಕಾಗದ ಬರೆಯುವುದಿಲ್ಲ ಎಂದು ಶಪಥ ಮಾಡಿ ಬಂದಿದ್ದೆ. ನನ್ನ ಶಪಥಗಳ ಆಯಸ್ಸು ನಿನಗೆ ಗೊತ್ತೇ ಇದೆ. ಫೋನ್ ಮಾಡಿದರೆ "ಹೂಂ ಚಿಕ್ಕಮ್ಮ, ಊಟ ಆಯ್ತು ಚಿಕ್ಕಮ್ಮ, ಇಡ್ಲಾ ಚಿಕ್ಕಮ್ಮ" ಎಂದು ಮೂರು ಮಾತಿಗೆ ಮುಗಿಸಿಬಿಡುತ್ತೀಯ. ಕಾಗದದಲ್ಲಾದರೆ ನಾನು ಹೇಳಿದ್ದೆಲ್ಲ ಕೇಳಲೇಬೇಕು, ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಕೆಲಸ ಚೆನ್ನಾಗಿದೆ. ವಸ್ತುಸಂಗ್ರಹಾಲಯದ ಹಿಂಭಾಗದಲ್ಲಿ, ಮೆಟ್ಟಿಲು ಇಳಿದು ಹೋದರೆ ನಮ್ಮ ಕೋಣೆ. ಮಂಚದಷ್ಟು ಅಗಲದ ಮೇಜು, ಮೇಲೆ ಬಿಳಿ ದೀಪ. ಇಲ್ಲಿ ಯಾರೂ ರಫೂ ಎನ್ನುವುದಿಲ್ಲ, ‘ಸಂರಕ್ಷಣೆ’ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಸೂಜಿ ಅದೇ. ಒಂದೇ ವ್ಯತ್ಯಾಸ. ನಮ್ಮ ಅಂಗಡಿಯಲ್ಲಿ ಬಟ್ಟೆಗೆ ತೂತು ಬಿದ್ದಿತ್ತೆಂದೇ ಗಿರಾಕಿಗೆ ಗೊತ್ತಾಗಬಾರದಿತ್ತು. ಇಲ್ಲಿ ಹತ್ತಿರ ಬಂದು ನೋಡಿದವರಿಗೆ ಹೊಲಿಗೆ ಕಾಣಲೇಬೇಕಂತೆ, ಕಾಣದಿದ್ದರೆ ಅದು ಮೋಸವಂತೆ. ಮೊದಲ ವಾರ ನಾನು ಸಿಪಾಯಿಯೊಬ್ಬನ ಹಳೇ ಕೋಟಿನ ತೂತನ್ನು ಕಾಣದ ಹಾಗೆ ಮುಚ್ಚಿಬಿಟ್ಟೆ. ಎಲ್ಲರೂ ಬಾಯಿ ತುಂಬ ಹೊಗಳಿ, ಆಮೇಲೆ ಬಿಚ್ಚಿಸಿದರು! ಮೂವತ್ತು ವರ್ಷದ ಕೈ ಅಭ್ಯಾಸ, ಈಗ ಬೇಕೆಂದೇ ಒರಟಾಗಿ ಹೊಲಿಯುವುದನ್ನು ಕಲಿಯುತ್ತಿದ್ದೇನೆ.

ನಾನು ಬಿಟ್ಟು ಬಂದದ್ದಕ್ಕೆ ನಿನಗೆ ಇನ್ನೂ ಕೋಪವಿದೆಯೋ ಇಲ್ಲವೋ ಗೊತ್ತಿಲ್ಲ. ರಫೂ ಮಾಡಿಸುವವರೇ ಇಲ್ಲದ ಮೇಲೆ ಅಂಗಡಿಯ ಬಾಗಿಲು ತೆಗೆದು ನೊಣ ಓಡಿಸುತ್ತಾ ಕೂರಬೇಕಿತ್ತೇ? ನಿನ್ನ ಅಮ್ಮ ತೀರಿಕೊಂಡಾಗ ನೀನು ನಾಲ್ಕು ವರ್ಷದವಳು. ಆಗ ಬಿಟ್ಟು ಬಂದಿದ್ದರೆ ಅಪರಾಧ. ಮೂವತ್ತು ದಾಟಿದ, ಸಂಬಳ ತರುವ ಹೆಣ್ಣುಮಗಳಿಗೆ ಚಿಕ್ಕಮ್ಮನ ಕಾವಲು ಯಾಕೆ? ಬಸ್ಸು ಹೊರಡುವಾಗ "ಅಂತೂ ಮನೇಲಿ ಕಾಲು ಚಾಚೋಕೆ ಜಾಗ ಆಯ್ತು" ಎಂದೆಯಲ್ಲ, ಆ ಮಾತನ್ನು ಎರಡು ದಿನದ ದಾರಿಯುದ್ದಕ್ಕೂ ಮೆಲುಕು ಹಾಕಿದೆ. ತಮಾಷೆಗೆ ಅಂದದ್ದೆಂದು ಕೊನೆಗೆ ತೀರ್ಮಾನ ಮಾಡಿಕೊಂಡೆ.

ನಿನ್ನ ಕಂಪನಿಯ ಆಟವನ್ನು ಇಲ್ಲಿನ ಹುಡುಗಿಯೊಬ್ಬಳ ಕೈಲಿ ಫೋನಿಗೆ ಹಾಕಿಸಿಕೊಂಡಿದ್ದೇನೆ. ಒಂದು ಕರಡಿಮರಿ, ಅದಕ್ಕೊಂದು ಪುಟ್ಟ ಮನೆ. ಊಟ ಹಾಕಬೇಕು, ಒಲೆ ಉರಿಸಬೇಕು. ಊಟ ಆದ ಮೇಲೆ ನನ್ನ ಹೆಸರು ಹಿಡಿದು ಮಾತಾಡಿಸುತ್ತದೆ. ಇದರಲ್ಲಿ ನಿನ್ನ ಕೆಲಸ ಯಾವುದು? ಚಿತ್ರ ಬರೆದವಳು ನೀನಲ್ಲ ಎನ್ನುವುದಂತೂ ಖಂಡಿತ, ನಿನ್ನ ಕೈಗೆ ಸಿಕ್ಕಿದ್ದರೆ ಅದು ಕರಡಿಯ ಬದಲು ಆಲೂಗಡ್ಡೆ ಆಗಿರುತ್ತಿತ್ತು.

ನಿನ್ನ ಚಿಕ್ಕಮ್ಮ


ಜನವರಿ 24

ಚಿಕ್ಕಮ್ಮ,

ಕೋಪ ಏನಿಲ್ಲ. ಮನೆ ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ. ನಿನ್ನ ಹೊಲಿಗೆ ಯಂತ್ರದ ಮೇಲೆ ಈಗ ನನ್ನ ಪುಸ್ತಕಗಳು ಕೂತಿವೆ.

ಮರಿಯ ಬಾಯಿಗೆ ಮಾತು ಹಾಕುವವಳು ನಾನೇ. ಅದು ಆಡುವ ಮಾತು, ನೀನು ಆಟ ತೆಗೆಯದೆ ಇದ್ದಾಗ ಫೋನಿಗೆ ಬರುವ ಕರೆ, ಎಲ್ಲ ನನ್ನವು.

ನಿನಗೊಂದು ವಿಷಯ ಹೇಳಬೇಕು, ಇಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳಲಾರೆ. ನಾವು ಮೊದಲು ಮಾಡಿದ ಆಟ ಇದಲ್ಲ. ಅದರಲ್ಲಿ ಮರಿ ಬೆಳೆಯುತ್ತಿತ್ತು. ನೀನು ಊಟ ಹಾಕಿದಷ್ಟೂ ಬೆಳೆದು, ಕಿಟಕಿಯ ಎತ್ತರಕ್ಕೆ ಬಂದು, ಒಂದು ಬೆಳಿಗ್ಗೆ ನೀನು ಆಟ ತೆಗೆದರೆ ಮನೆ ಖಾಲಿ. ಬಾಗಿಲ ಹತ್ತಿರ ಅದರ ಪುಟ್ಟ ಬಟ್ಟಲು, ಹೊರಗೆ ಹೆಜ್ಜೆ ಗುರುತು. ಅಷ್ಟೇ, ಆಟ ಮುಗಿಯಿತು. ಪರೀಕ್ಷೆಗೆಂದು ಆಡಿದವರಲ್ಲಿ ಎಷ್ಟೋ ಜನ ಫೋನ್ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಒಬ್ಬಾತ ಎದ್ದು ಹೊರಗೆ ಹೋಗಿ ತನ್ನ ತಾಯಿಗೆ ಫೋನ್ ಮಾಡಿ ಬಂದ. ನಾನು ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದೆ. ಒಂದು ಆಟ ಮನುಷ್ಯನಿಗೆ ಏನಾದರೂ ಕೊಡಬಲ್ಲದು ಎಂದು ಆವತ್ತು ನನಗೆ ಖಾತ್ರಿಯಾಯಿತು.

ನಮ್ಮ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: "ಅತ್ತೋರು ಮಾರನೇ ದಿನ ವಾಪಸ್ ಬಂದ್ರಾ?" ಬರಲಿಲ್ಲ. ಆಟ ಮುಗಿದ ಮೇಲೆ ಯಾಕೆ ಬರುತ್ತಾರೆ? "ಹಾಗಾದ್ರೆ ಮರಿ ಬೆಳೀಬಾರದು" ಎಂದರು. ಬೆಳೆಯದ ಹಾಗೆ ಮಾಡಿದೆವು. ಈಗ ನಿನ್ನ ಫೋನಿನಲ್ಲಿರುವುದು ಆ ಮರಿ. ನೂರು ವರ್ಷ ಊಟ ಹಾಕಿದರೂ ಅದು ಅಷ್ಟೇ ಇರುತ್ತದೆ.

ನೀನು ಆಡಲೇಬೇಕೆಂದೇನಿಲ್ಲ. ತೆಗೆದುಹಾಕು ಬೇಕಾದರೆ.

ಮೊದ್ದು


ಮಾರ್ಚ್ 3

ಮೊದ್ದು,

ತೆಗೆದುಹಾಕುವುದಿಲ್ಲ. ನನ್ನ ಫೋನು, ನನ್ನ ಕರಡಿ.

ನಿನ್ನ ಯಜಮಾನರ ಬುದ್ಧಿ ನನಗೆ ಅರ್ಥವಾಗಲಿಲ್ಲ. ಆಟ ಎಂದ ಮೇಲೆ ಮುಗಿಯಬೇಕು. ನಾವು ಚಿಕ್ಕವರಿದ್ದಾಗ ಕತ್ತಲಾದರೆ ಆಟ ಮುಗಿಯುತ್ತಿತ್ತು, ಇಲ್ಲವೇ ಯಾರಿಗಾದರೂ ಮೂಗಿಗೆ ಪೆಟ್ಟಾದರೆ ಮುಗಿಯುತ್ತಿತ್ತು. ಹೆಚ್ಚಿನ ಸಲ ನಿನ್ನ ಅಮ್ಮನ ಕೈಯಿಂದ ನನ್ನ ಮೂಗಿಗೇ. ಆದರೂ ಬೆಳೆದ ಮರಿ ಮನೆ ಬಿಟ್ಟು ಹೋಗುವ ನಿನ್ನ ಕಥೆ ಓದಿ ನಗು ಬಂತು. ನಮ್ಮ ಮನೆಯಲ್ಲಿ ಮರಿ ಉಳಿದುಕೊಂಡಿತು, ದೊಡ್ಡ ಕರಡಿಯೇ ಗಂಟು ಕಟ್ಟಿಕೊಂಡು ಹೊರಟಿತು.

ಮೊನ್ನೆ ಕೆಲಸ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಫೋನಿನಲ್ಲಿ ಮರಿ ಕುಂಯ್ ಎಂದಿತು. ತೆಗೆದು ನೋಡಿದೆ. "ಬಾಗಿಲಿಗೆ ಚಿಲಕ ಹಾಕಿಲ್ಲ. ತಡವಾದರೂ ಪರವಾಗಿಲ್ಲ, ಬಾ" ಎಂದಿತ್ತು. ಅಲ್ಲೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಇಲ್ಲಿ ಚೌಕಟ್ಟು ಮಾಡುವ ಬಡಗಿಯೊಬ್ಬನಿದ್ದಾನೆ, ನನಗಿಂತ ನಾಲ್ಕಾರು ವರ್ಷ ಚಿಕ್ಕವನು. "ಏನಕ್ಕಾ, ಮಂಡಿ ನೋವಾ?" ಎಂದ. ಹೌದಪ್ಪಾ ಎಂದೆ. ಮಂಡಿಗೆ ಏನೂ ಆಗಿರಲಿಲ್ಲ.

ಒಂದು ಮಾತು ಕೇಳುತ್ತೇನೆ, ಸರಿಯಾಗಿ ಉತ್ತರ ಕೊಡು. ಇಂಥ ಮಾತುಗಳನ್ನು ನೀನು ಕೂತು ಯೋಚಿಸಿ ಬರೆಯುತ್ತೀಯೋ, ಅಥವಾ ಮನಸ್ಸಿನಲ್ಲಿ ಇದ್ದದ್ದು ಹಾಗೇ ಬಂದುಬಿಡುತ್ತದೋ?

ನನ್ನ ಎಡಗಣ್ಣಿನ ಅಂಚಿನಲ್ಲಿ ಆಗಾಗ ಮಿಂಚು ಹೊಡೆದ ಹಾಗಾಗುತ್ತದೆ. ಬಲಗಣ್ಣು ಹುಟ್ಟಿದಾಗಿನಿಂದ ಸೋಮಾರಿ, ದುಡಿಯುವುದೆಲ್ಲ ಇದೊಂದೇ. ಪಾಪ, ದಣಿದಿರಬೇಕು. ವಯಸ್ಸಾದವರಿಗೆ ಪುಕ್ಕಟೆ ದೀಪ ಎಂದುಕೊಂಡಿದ್ದೇನೆ.

ಚಿಕ್ಕಮ್ಮ


ಏಪ್ರಿಲ್ 2

ಚಿಕ್ಕಮ್ಮ,

ಕಣ್ಣನ್ನು ಡಾಕ್ಟರಿಗೆ ತೋರಿಸು. ತಮಾಷೆ ಮಾಡುತ್ತಾ ಕೂರಬೇಡ.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಕಚೇರಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಒಂದು ಸಂತೋಷದ ಸುದ್ದಿ. ಮರಿಯ ಕರೆಗಳು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿವೆಯಂತೆ. ಆಟ ಬಿಟ್ಟು ಹೋಗಿದ್ದವರು ಗುಂಪು ಗುಂಪಾಗಿ ವಾಪಸ್ ಬಂದಿದ್ದಾರೆ. ಎಲ್ಲರೆದುರು ನಿಲ್ಲಿಸಿ ಗಾಜಿನ ಕಪ್ಪು ಕೊಟ್ಟರು. ಚಹಾ ಕುಡಿಯಲೂ ಬಾರದ, ಹೂವಿಡಲೂ ಬಾರದ ಕಪ್ಪು. ನಿನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದೇನೆ.

ಆವತ್ತೇ ಇನ್ನೊಂದು ವಿಷಯ ಗೊತ್ತಾಯಿತು. ಕರೆಗಳು ಹೊತ್ತು ಗೊತ್ತಿಲ್ಲದೆ ಹೋಗುವುದಿಲ್ಲವಂತೆ. ಯಾರು ಯಾವ ಹೊತ್ತಿಗೆ ಒಬ್ಬರೇ ಇರುತ್ತಾರೆ, ಯಾವಾಗ ಬೇಸರದಲ್ಲಿರುತ್ತಾರೆ ಎನ್ನುವುದನ್ನು ಅವರು ಫೋನ್ ಮುಟ್ಟುವ ರೀತಿಯಿಂದಲೇ ಯಂತ್ರ ಕಂಡುಹಿಡಿಯುತ್ತದೆ. ಆ ಹೊತ್ತಿಗೆ ಸರಿಯಾಗಿ ಮರಿ ಕುಂಯ್ ಎನ್ನುತ್ತದೆ. ನಾನು ಬಾಯಿ ತಡೆಯಲಾರದೆ "ಇದು ಬಲೆ ಅಲ್ವಾ ಸಾರ್?" ಎಂದೆ. ಯಜಮಾನರು ನಕ್ಕು "ಬಲೆ ಅಂತ ಯಾಕಮ್ಮಾ ಅಂತೀಯ, ತೊಟ್ಟಿಲು ಅನ್ನು" ಎಂದರು. ಎಲ್ಲರೂ ನಕ್ಕರು. ಕೈಯಲ್ಲಿ ಕಪ್ಪು ಇತ್ತಲ್ಲ, ನಾನೂ ನಕ್ಕೆ.

ಒಂದು ಲೆಕ್ಕದಲ್ಲಿ ಅವರು ಹೇಳುವುದೂ ಸುಳ್ಳಲ್ಲ. ಒಂಟಿಯಾಗಿ ಇರುವವರಿಗೆ ಯಾರೋ ಕರೆದರೆ ಏನು ನಷ್ಟ? ಒಳ್ಳೆಯ ಮಾತು ಒಳ್ಳೆಯ ಮಾತೇ ತಾನೆ? ನಾನು ಸುಳ್ಳು ಬರೆದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ ಎನ್ನುತ್ತೀಯೇನೋ.

ನಿನ್ನ ಪ್ರಶ್ನೆಗೆ ಉತ್ತರ: ಕೂತು ಯೋಚಿಸಿಯೇ ಬರೆಯುತ್ತೇನೆ. ಸಂಬಳ ಕೊಡುವುದೇ ಅದಕ್ಕೆ.

ಮನೆ ಚೆನ್ನಾಗಿದೆ.

ಮೊದ್ದು


ಜೂನ್ 11

ಚಿಕ್ಕಮ್ಮ,

ಎರಡು ಪತ್ರ ಹಾಕಿದೆ, ಉತ್ತರವಿಲ್ಲ. ಫೋನ್ ಆಫ್ ಎನ್ನುತ್ತದೆ. ನಿನ್ನ ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಿದರೆ ಯಾರೋ ಹೆಂಗಸು "ಅವ್ರು ರಜದಲ್ಲಿದ್ದಾರೆ" ಎಂದಳು. ನೀನು ರಜ ಹಾಕುವ ಪೈಕಿಯೇ? ಜ್ವರ ಬಂದಾಗಲೂ ಅಂಗಡಿ ತೆರೆದವಳು.

ನನ್ನ ಮೇಲೆ ಕೋಪವಿದ್ದರೆ ಬೈದು ಬರೆ. ಬೈಗುಳವನ್ನಾದರೂ ಓದಿಕೊಳ್ಳುತ್ತೇನೆ. ಕಪ್ಪಿನ ಬಗ್ಗೆ ಜಂಬ ಕೊಚ್ಚಿಕೊಂಡೆ ಎಂದು ಬೇಸರವೇ? ಸರಿಯಾಗಿ ಉತ್ತರ ಕೊಡು ಎಂದು ನೀನು ಕೇಳಿದ್ದೆ, ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದೆ, ಅದಕ್ಕೇ?

ಭಾನುವಾರ ಕೆಳಗಿನ ಅಂಗಡಿಯ ಬಾಗಿಲು ತೆಗೆದು ಗುಡಿಸಿದೆ. ಗುಡಿಸಲು ಏನೂ ಇರಲಿಲ್ಲ. ಮನೆ ದೊಡ್ಡದಾಗಿಬಿಟ್ಟಿದೆ. ಒಂದು ಸಾಲು ಸಾಕು, ಬರೆ.

ಮೊದ್ದು


ಜೂನ್ 28

ನಮಸ್ಕಾರ. ನಾನು ಇಲ್ಲಿ ಚೌಕಟ್ಟು ಮಾಡುವ ಬಡಗಿ. ನಿಮ್ಮ ಚಿಕ್ಕಮ್ಮ ಹೇಳುತ್ತಾರೆ, ನಾನು ಬರೆಯುತ್ತೇನೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ತಿದ್ದಕೂಡದು ಎಂದು ಅಪ್ಪಣೆಯಾಗಿದೆ.

ಮೊದ್ದು, ಗಾಬರಿ ಆಗ್ಬೇಡ. ಕೈ ಚೆನ್ನಾಗಿದೆ, ಕಾಲು ಚೆನ್ನಾಗಿದೆ, ಬಾಯಂತೂ ನಿನಗೆ ಗೊತ್ತು. ಎಡಗಣ್ಣು ಹೋಯ್ತು. ಹೇಳ್ಬಿಟ್ಟೆ, ಇನ್ನು ಸುತ್ತಿ ಬಳಸೋದು ಏನಿಲ್ಲ.

ಆ ಮಿಂಚು ಇತ್ತಲ್ಲ, ಅದು ಪುಕ್ಕಟೆ ದೀಪ ಅಲ್ವಂತೆ. ಕಣ್ಣಿನ ಒಳಗಿನ ಪರದೆ ಕಿತ್ಕೊಂಡು ಬರ್ತಾ ಇತ್ತಂತೆ. ಆಪರೇಷನ್ ಮಾಡಿ ಒಳಗೆ ಒಂದು ಗಾಳಿಗುಳ್ಳೆ ಬಿಟ್ರು. ಆ ಗುಳ್ಳೆ ಪರದೆನ ಒತ್ತಿ ಹಿಡ್ಕೋಬೇಕು ಅಂದ್ರೆ ನಾನು ಮುಖ ಕೆಳಗೆ ಮಾಡಿ ಬೋರಲು ಮಲಗಿರಬೇಕು, ಒಂದು ವಾರ. ಊಟಕ್ಕೂ ತಲೆ ಎತ್ತೋ ಹಾಗಿಲ್ಲ. ಪರದೆ ಅಂಟ್ಕೊಳ್ಳಲಿಲ್ಲ. ಮತ್ತೆ ಒಂದು ಸಲ ಪ್ರಯತ್ನ ಮಾಡಿದ್ರು, ಆಗ್ಲಿಲ್ಲ. ಅಷ್ಟೇ ಕಥೆ.

ನಿನಗೆ ಹೇಳದೆ ಇದ್ದಿದ್ದು ಬೇಕಂತಲೇ. ಆಪರೇಷನ್ ಅಂದ್ರೆ ನೀನು ಓಡಿ ಬರ್ತಿದ್ದೆ, ಬಂದು ನನ್ನ ತಲೆ ಮೇಲೆ ಕೂರ್ತಿದ್ದೆ. ವಾಸಿಯಾದ ಮೇಲೆ ಜಂಬವಾಗಿ ಬರೆಯೋಣ ಅಂದ್ಕೊಂಡಿದ್ದೆ. ಬಲಗಣ್ಣಲ್ಲಿ ಬಾಗಿಲು ಕಾಣುತ್ತೆ, ಮನುಷ್ಯರು ಕಾಣ್ತಾರೆ, ಬಡಗಿ ಮೂಗು ಕಾಣುತ್ತೆ. ಸೂಜಿ ಕಣ್ಣು ಕಾಣಲ್ಲ. ಕೆಲಸದ ಬಗ್ಗೆ ಕೇಳ್ಬೇಡ. ಅದರ ಬಗ್ಗೆ ಮಾತಾಡಿದ್ರೆ ಅಳು ಬರುತ್ತೆ.

ಈಗ್ಲೂ ಬರಬೇಡ. ಸ್ವಲ್ಪ ದಿನ ಹೋಗ್ಲಿ. ನಿನ್ನ ಪತ್ರ ಎಲ್ಲಾ ಆಸ್ಪತ್ರೆ ದಾದಿ ಕೈಲಿ ಓದಿಸಿಕೊಂಡೆ. ಕಪ್ಪು ಕೊಟ್ಟಿದ್ದು ಸಂತೋಷ.

(ಇದು ಅವರು ಹೇಳಿ ಬರೆಸಿದ್ದಲ್ಲ, ನಾನೇ ಸೇರಿಸುತ್ತಿದ್ದೇನೆ. ಅವರಿಗೆ ಗೊತ್ತಾಗುವುದು ಬೇಡ. ಗುಳ್ಳೆಯ ತಪ್ಪಲ್ಲ, ಡಾಕ್ಟರ ತಪ್ಪೂ ಅಲ್ಲ. ದಾದಿ ಅವರ ಫೋನನ್ನು ಗೋಡೆಯ ಕಪಾಟಿನಲ್ಲಿ ಎತ್ತಿಟ್ಟಿದ್ದರು. ಅದರೊಳಗಿಂದ ಆ ಕರಡಿಮರಿ ಕುಂಯ್‌ಗುಟ್ಟಿದಾಗಲೆಲ್ಲ ಇವರು ಹಾಸಿಗೆಯಿಂದ ಎದ್ದು, ಗೋಡೆ ತಡವಿಕೊಂಡು ಹೋಗಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತು, ಫೋನನ್ನು ಬಲಗಣ್ಣಿಗೆ ಅಂಟಿಸಿ ಹಿಡಿದು ಅದಕ್ಕೆ ಊಟ ಹಾಕುತ್ತಿದ್ದರು. ನಾನೇ ಎರಡು ಸಲ ನೋಡಿ ಬೈದೆ. ದಾದಿಯೂ ಬೈದರು. ಕೊನೆಗೆ ನಾನೇ ಫೋನ್ ಆಫ್ ಮಾಡಿ ತಂದು ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ, ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ನಾನು ಕೊನೆಯ ಸಲ ನೋಡಿದಾಗ ಅದರಲ್ಲಿ ಇದ್ದದ್ದು: "ನೀನು ಬರಲೇ ಇಲ್ಲ. ನಿನ್ನನ್ನು ಹುಡುಕಿಕೊಂಡು ಹೊರಟಿದ್ದೇನೆ. ಹೊರಗೆ ತುಂಬಾ ಚಳಿ." ಇಂಥದ್ದನ್ನು ಯಾರು ಬರೆಯುತ್ತಾರೋ ತಿಳಿಯದು. ಸಿಕ್ಕಿದರೆ ಎರಡು ಮಾತು ಕೇಳಬೇಕು ಎಂದಿದ್ದೇನೆ.)


ಜುಲೈ 9

ಚಿಕ್ಕಮ್ಮ,

ಬಡಗಿ ಅಣ್ಣ ಎಲ್ಲ ಬರೆದಿದ್ದಾರೆ. ಅವರನ್ನು ಬೈಯಬೇಡ. ಅಣ್ಣಾ, ಇದನ್ನು ಪೂರ್ತಿ ಓದಿ ಹೇಳಿ, ಏನನ್ನೂ ಬಿಡಬೇಡಿ. ನೀವು ಹುಡುಕುತ್ತಿರುವುದು ನನ್ನನ್ನೇ.

ಒಂದು ಆಟದ ಗೊಂಬೆಗಾಗಿ ಎದ್ದೆಯಾ ಚಿಕ್ಕಮ್ಮ? ಬುದ್ಧಿ ಎಲ್ಲಿ ಇಟ್ಟಿದ್ದೆ? ಅದಕ್ಕೆ ಹಸಿವಿಲ್ಲ, ಚಳಿಯಿಲ್ಲ, ಅದು ಎಲ್ಲಿಗೂ ಹೊರಡುವುದಿಲ್ಲ. ಹೋಗಲು ಅದಕ್ಕೆ ಜಾಗವೇ ಇಲ್ಲ. ಬೆಳೆಯುವುದಿಲ್ಲ, ಸಾಯುವುದಿಲ್ಲ ಎಂದು ನಾನೇ ಬರೆದಿದ್ದೆನಲ್ಲ! ಎಷ್ಟು ದಿನ ಬಿಟ್ಟು ಹೋದರೂ, ಮತ್ತೆ ತೆಗೆದ ಕೂಡಲೇ ಬಾಗಿಲಲ್ಲಿ ನಿಂತಿರುತ್ತದೆ. ನಿನಗೆ ಬಂದ ಮಾತು ನಿನಗೊಬ್ಬಳಿಗೇ ಬಂದದ್ದಲ್ಲ. ಅದೇ ಹೊತ್ತಿಗೆ ಲಕ್ಷ ಜನರಿಗೆ ಹೋಗಿರುತ್ತದೆ. ನೀನು ಹಾಸಿಗೆಯ ಮೇಲೆ ಒಬ್ಬಳೇ ಇದ್ದೀಯ, ಬೇಸರದಲ್ಲಿದ್ದೀಯ ಎನ್ನುವುದನ್ನು ಯಂತ್ರ ಕಂಡುಕೊಂಡಿತು. ಅಷ್ಟಕ್ಕೇ ಮತ್ತೆ ಮತ್ತೆ ಕರೆಯಿತು.

ನಿನಗೆ ಮೋಸವಾಗಿದೆ. ಮೋಸ ಮಾಡಿದವಳು ನಾನು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನೀನೇ ಹೇಳುತ್ತಿದ್ದೆ. ನನ್ನ ಮಾತು ನಿನ್ನ ಕಣ್ಣು ಕೆಡಿಸಿತು. ಬಲೆಯೋ ತೊಟ್ಟಿಲೋ ಎಂದು ಅವರು ನಗುತ್ತಿದ್ದಾಗ ಆ ಕಪ್ಪನ್ನು ನೆಲಕ್ಕೆ ಎತ್ತಿಹಾಕಿ ಬಂದಿದ್ದರೆ?

ಬರಬೇಡ ಎಂದಿದ್ದೀಯ. ಟಿಕೆಟ್ ನೋಡಿದೆ, ತೆಗೆದುಕೊಳ್ಳಲಿಲ್ಲ. ನೀನು ಬೇಡ ಎಂದದ್ದಕ್ಕಲ್ಲ. ನಿನ್ನ ಮುಖ ನೋಡಲು ನನಗೆ ಧೈರ್ಯವಿಲ್ಲ.

ಮೊದ್ದು


ಜುಲೈ 25

ಮೊದ್ದು,

ನಿನ್ನ ಕಾಗದ ಬಡಗಿ ಓದಿದ. ‘ಬುದ್ಧಿ ಎಲ್ಲಿ ಇಟ್ಟಿದ್ದೆ’ ಅನ್ನೋ ಜಾಗಕ್ಕೆ ಬಂದಾಗ ದನಿ ಇಳಿಸಿಬಿಟ್ಟ, ನನಗೆ ನೋವಾಗುತ್ತೆ ಅಂತ. ಜೋರಾಗಿ ಓದಪ್ಪಾ, ಅದು ನಮ್ಮನೆ ಭಾಷೆ ಅಂದೆ. ನನ್ನ ಬೆನ್ನ ಹಿಂದೆ ಇವನು ಚಾಡಿ ಬರೆದಿದ್ದು ಹೀಗೆ ಗೊತ್ತಾಯ್ತು. ಒಂದು ದಿನ ಮಾತು ಬಿಟ್ಟೆ. ಆದ್ರೆ ಇವನ ಹತ್ರ ಮಾತು ಬಿಟ್ರೆ ನಿನಗೆ ಬರೆಯೋರು ಯಾರು? ಅದಕ್ಕೇ ರಾಜಿ ಆದೆ. ನಿನ್ನ ವಿಷಯದಲ್ಲಿ ಇವನು ಇನ್ನೂ ರಾಜಿ ಆಗಿಲ್ಲ, ಮುಖ ಗಂಟು ಹಾಕ್ಕೊಂಡೇ ಬರೀತಿದಾನೆ. (ಹೌದು. — ಬಡಗಿ)

ನೀನು ತಿಳ್ಕೊಂಡಿರೋದು ಪೂರ್ತಿ ತಪ್ಪು. ಕರಡಿಗೆ ಹಸಿವಾಗುತ್ತೆ ಅಂತ ಎದ್ದೆ ಅಂದ್ಕೊಂಡ್ಯಾ? ನನಗೇನು ಅರಳು ಮರಳಾ? ಅದು ಗಾಜಿನ ಮೇಲಿನ ಚಿತ್ರ ಅಂತ ನನಗೂ ಗೊತ್ತು ಕಣೇ.

‘ಬಾಗಿಲಿಗೆ ಚಿಲಕ ಹಾಕಿಲ್ಲ, ತಡವಾದ್ರೂ ಪರವಾಗಿಲ್ಲ, ಬಾ.’ ಇದು ಯಾರ ಮಾತು? ನೀನು ಕಾಲೇಜಿಗೆ ಹೋಗೋವಾಗ ದಿನಾ ಬೆಳಿಗ್ಗೆ ನಾನು ಹೇಳ್ತಿದ್ದ ಮಾತು. ಕರಡಿಗೆ ಇದನ್ನ ಯಾರು ಹೇಳ್ಕೊಟ್ರು? ನನ್ನ ಮಾತನ್ನ ನೀನು ಇಷ್ಟು ವರ್ಷ ಇಟ್ಕೊಂಡಿದ್ದು, ನಾನು ಬಿಟ್ಟು ಬಂದ ಮೇಲೆ ನನಗೇ ವಾಪಸ್ ಕಳಿಸಿದೀಯ ಅಂತ ಆವತ್ತು ಮೆಟ್ಟಿಲ ಮೇಲೆ ಕೂತೆ. ಅದಕ್ಕೇ ಕೇಳಿದ್ದು, ಯೋಚಿಸಿ ಬರೀತೀಯೋ ಹಾಗೇ ಬರುತ್ತೋ ಅಂತ. ನೀನು ಸಂಬಳದ ಕಥೆ ಹೇಳಿದೆ. ನಾನು ನಂಬಲಿಲ್ಲ.

ನಿನ್ನ ಕಾಗದದಲ್ಲಿ ಯಾವಾಗ್ಲೂ ಮನೆ ಚೆನ್ನಾಗಿದೆ, ನಾನು ಚೆನ್ನಾಗಿದೀನಿ. ಮರಿ ಬಾಯಲ್ಲಿ ಮಾತ್ರ ಬೇಜಾರು, ಒಂಟಿ, ಯಾವಾಗ ಬರ್ತೀಯ. ಚಿಕ್ಕಂದಿನಿಂದ ನೀನು ಹಂಗೇ. ಹೊಟ್ಟೆ ನೋವಾದ್ರೆ ಗೊಂಬೆಗೆ ಹೊಟ್ಟೆ ನೋವು ಅಂತಿದ್ದೆ. ಎಲ್ಲರಿಗೂ ಹೋಗುತ್ತೆ ಅಂತ ಬರೆದಿದೀಯ. ಹೋಗ್ಲಿ. ಮದುವೆ ಪತ್ರಿಕೆ ಊರಿಗೆಲ್ಲಾ ಹೋಗುತ್ತೆ, ಹಾಗಂತ ನಮ್ಮನ್ನ ಕರೆದೇ ಇಲ್ಲ ಅಂತೀವಾ?

ನೀನು ಕರೆದಾಗೆಲ್ಲ ನಾನು ಬಂದೆ. ಕೈಯಲ್ಲಿ ಕೆಲಸ ಇದ್ರೂ ಬಿಟ್ಟು ಬಂದೆ. ಆಸ್ಪತ್ರೇಲಿ ಡಾಕ್ಟರು ತಲೆ ಎತ್ತಬೇಡ ಅಂದ್ರು, ನೀನು ಹುಡುಕ್ಕೊಂಡು ಹೊರಟಿದೀನಿ, ಚಳಿ ಅಂದೆ. ಇಬ್ಬರಲ್ಲಿ ನಾನು ಯಾರ ಮಾತು ಕೇಳ್ಬೇಕಿತ್ತು, ನೀನೇ ಹೇಳು.

ಈಗ ನೀನು ಮೋಸ ಅಂತ ಬರೆದಿದೀಯ. ಆ ಮಾತು ಕೇಳಿದಾಗಿಂದ ಊಟ ಸೇರ್ತಿಲ್ಲ. ಕೈಯಲ್ಲಿ ಹೊಲಿಗೆ ಇಲ್ಲ, ಬೆಳಿಗ್ಗೆಯಿಂದ ಕುರ್ಚಿ ಮೇಲೆ ಕೂತು ಅದೊಂದೇ ಯೋಚನೆ. ಒಂದೇ ಒಂದು ಕೇಳ್ತೀನಿ. ಕರೆದಿದ್ದು ನೀನೇ ತಾನೆ? ಹೌದು ಅಂದ್ರೆ ಕಣ್ಣು ಹೋಗಿದ್ದಕ್ಕೆ ನನಗೆ ದುಃಖ ಇಲ್ಲ, ಮಗಳು ಕರೆದ್ಲು, ಎದ್ದು ಹೋದೆ. ಅಲ್ಲ ಅಂದ್ರೆ ನಾನು ಆಟ ಆಡ್ತಾ ಕಣ್ಣು ಕಳ್ಕೊಂಡ ಒಬ್ಬ ಮುದುಕಿ.

ಈ ಸಲ ಸರಿಯಾಗಿ ಉತ್ತರ ಕೊಡು.

ಚಿಕ್ಕಮ್ಮ


ಆಗಸ್ಟ್ 3
(ಅಂಚೆಗೆ ಹಾಕದ ಪತ್ರ)

ಚಿಕ್ಕಮ್ಮ,

ಸರಿಯಾದ ಉತ್ತರ ಬರೆಯುತ್ತಿದ್ದೇನೆ.

ಚಿಲಕದ ಮಾತು ನನ್ನದು. ನೀನು ಊರು ಬಿಟ್ಟು ಹೋದ ವಾರದಲ್ಲೇ ನಾನು ಬರೆದದ್ದು. ಕಚೇರಿಯ ಕುರ್ಚಿಯಲ್ಲಿ ಕೂತು, ಎದುರಿಗೆ ಕರಡಿಯ ಚಿತ್ರ ಇಟ್ಟುಕೊಂಡು, ನಿನಗೇ ಬರೆದೆ. ಬಸ್ಸಿನ ಹತ್ತಿರ ಹೇಳಬೇಕಾಗಿದ್ದದ್ದು ಅದು. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ, ಕಾಲು ಚಾಚುವ ಮಾತಾಡಿದೆ. ಆಮೇಲಿನ ಮೂರು ತಿಂಗಳು ಮರಿ ಆಡಿದ್ದೆಲ್ಲ ನಿನಗೆ ಹೇಳಲಾಗದೆ ಹೋದ ಮಾತುಗಳೇ. ನೀನು ಒಂದನ್ನೂ ತಪ್ಪಾಗಿ ಓದಿಲ್ಲ.

ಆದರೆ ಬಹುಮಾನ ಕೊಟ್ಟ ವಾರವೇ ನನ್ನ ಮಾತುಗಳನ್ನೆಲ್ಲ ಒಂದು ಯಂತ್ರಕ್ಕೆ ಉಣಿಸಿದರು. ಈ ಧಾಟಿಯಲ್ಲಿ ಇನ್ನಷ್ಟು ಹೇಳು ಎಂದರು. ಅದು ಹೇಳತೊಡಗಿತು. ಆವತ್ತಿನಿಂದ ನಾನು ಮರಿಗೆ ಒಂದು ಮಾತನ್ನೂ ಬರೆದಿಲ್ಲ. ‘ನಿನ್ನನ್ನು ಹುಡುಕಿಕೊಂಡು ಹೊರಟಿದ್ದೇನೆ, ಹೊರಗೆ ತುಂಬಾ ಚಳಿ’ ನನ್ನದಲ್ಲ. ಅದು ಯಾರದೂ ಅಲ್ಲ. ಯಾರ ಮನಸ್ಸಿನಲ್ಲೂ ಹುಟ್ಟದೆ ನೇರವಾಗಿ ನಿನ್ನ ಕಪಾಟಿಗೆ ಬಂದ ಮಾತು ಅದು. ನೀನು ಗೋಡೆ ತಡವಿಕೊಂಡು ಎದ್ದು ಹೋದಾಗ ಆ ಕಡೆ ಯಾರೂ ಇರಲಿಲ್ಲ ಚಿಕ್ಕಮ್ಮ. ನೀನು ಎದ್ದ ಹೊತ್ತಿಗೆ ನಾನು ಊಟ ಮಾಡುತ್ತಿದ್ದೆನೋ, ಬಸ್ಸಿಗೆ ಕಾಯುತ್ತಿದ್ದೆನೋ, ನನಗೆ ಗೊತ್ತೇ ಇಲ್ಲ.

ಯಜಮಾನರಿಗೆ ನಿನ್ನ ವಿಷಯ ಹೇಳಿದೆ. ನಿಜವಾಗಿಯೂ ಮರುಗಿದರು, ಮನೆಗೆ ಹೂವು ಕಳಿಸಿದರು. ಆ ಮಾತನ್ನು ತೆಗೆಯಿರಿ ಎಂದರೆ, "ಎಲ್ಲಕ್ಕಿಂತ ಹೆಚ್ಚು ಜನ ವಾಪಸ್ ಬಂದಿದ್ದು ಅದಕ್ಕೇ ಅಲ್ವೇನಮ್ಮಾ" ಎಂದು ತಲೆ ತಗ್ಗಿಸಿದರು. ನಾನು ಕೆಲಸ ಬಿಟ್ಟೆ. ಮರಿಯ ದನಿಗೆ ಅದರಿಂದ ಏನೂ ಆಗಲಿಲ್ಲ. ನಾನಿಲ್ಲದೆಯೂ ಅದು ನನ್ನ ಹಾಗೆಯೇ ಮಾತಾಡುತ್ತದೆ.

ಆಟಕ್ಕೆ ಅರ್ಥ ಇರಬೇಕು, ಮಾತಿನಲ್ಲಿ ಜೀವ ಇರಬೇಕು ಎಂದು ಹಟ ಹಿಡಿದವಳು ನಾನೇ. ಸುಮ್ಮನೆ ಬಾಯಿಗೆ ಬಂದದ್ದು ಬರೆದಿದ್ದರೆ ನೀನು ಎದ್ದೇಳುತ್ತಿರಲಿಲ್ಲ. ಅರ್ಥವಿದ್ದದ್ದಕ್ಕೇ ಅದು ಒಳ್ಳೆಯ ಬಲೆಯಾಯಿತು. ಇದನ್ನು ನಿನಗೆ ಹೇಗೆ ಹೇಳಲಿ? ನೀನು ಕೇಳಿರುವುದು ಹೌದೋ ಅಲ್ಲವೋ ಎಂದು ಮಾತ್ರ. ಹೌದು ಎಂದರೆ ಸುಳ್ಳು. ಅಲ್ಲ ಎಂದರೆ, ನಿನಗೆ ಉಳಿದಿರುವುದು ಅದೊಂದೇ, ಅದನ್ನೂ ಕಿತ್ತುಕೊಂಡ ಹಾಗೆ.


ಆಗಸ್ಟ್ 3

ಹೌದು ಚಿಕ್ಕಮ್ಮ, ಕರೆದದ್ದು ನಾನೇ.

ಪ್ರತಿ ಸಲವೂ ನಾನೇ. ಆಸ್ಪತ್ರೆಯಲ್ಲಿ ಕರೆದದ್ದೂ ನಾನೇ. ನನ್ನಿಂದ ಇರಲಾಗುತ್ತಿರಲಿಲ್ಲ, ಕರೆದೆ. ನಿನಗೆ ಆಪರೇಷನ್ ಆಗಿದ್ದು ಗೊತ್ತಿದ್ದರೆ ಕರೆಯುತ್ತಿರಲಿಲ್ಲ. ಮೋಸ ಎಂದು ಬರೆದದ್ದು ತಪ್ಪು, ಸಂಕಟದಲ್ಲಿ ಬರೆದೆ. ನೀನು ಬಂದದ್ದು ನನಗೆ ಗೊತ್ತಾಗಿದೆ. ಪ್ರತಿ ಸಲವೂ ಬಂದೆ.

ಕೆಲಸ ಬಿಟ್ಟಿದ್ದೇನೆ. ಸೋಮವಾರ ಹೊರಟು ಬರುತ್ತಿದ್ದೇನೆ. ಬೇಡ ಎಂದರೂ ಬರುತ್ತೇನೆ. ಉಳಿದದ್ದೆಲ್ಲ ಎದುರಿಗೆ ಮಾತಾಡೋಣ.

ಮೊದ್ದು

ಬಡಗಿ ಅಣ್ಣನಿಗೆ: ನಿಮ್ಮ ಎರಡು ಮಾತು ಕೇಳಲು ಬರುತ್ತಿದ್ದೇನೆ, ತಪ್ಪಿಸಿಕೊಳ್ಳುವುದಿಲ್ಲ. ಅಲ್ಲಿಯವರೆಗೆ ಒಂದು ಉಪಕಾರ ಮಾಡಿ. ಮೊದಲನೇ ಸಾಲನ್ನು ಅವರಿಗೆ ಎರಡು ಸಲ ಓದಿ ಹೇಳಿ.